ಹಿಂದಿನ ಕಾರಿನ ದನಿ

"ಮಗಳ ಸೈಕಲ್ ಓಡಲಿ ಅಂತ ನನ್ನ ಮಗನ ಗಂಟಲು ಬಲಿ ಕೊಡ್ತಿದ್ದೀಯಲ್ಲೇ... ನೀನು ಹೆಂಡತಿನಾ?"

ಅಜ್ಜಿ ಕೂಗಲಿಲ್ಲ. ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು, ಪಕ್ಕದ ಕೋಣೆಯಲ್ಲಿ ಬೂಟು ಹಾಕಿಕೊಳ್ಳುತ್ತಿದ್ದ ಮೊಮ್ಮಗಳಿಗೆ ಕೇಳಿಸದ ಹಾಗೆ ಹಲ್ಲು ಕಚ್ಚಿ ಹೇಳಿದಳು. ಅಮ್ಮ ಬಾಟಲಿಗೆ ನೀರು ತುಂಬುತ್ತಲೇ ಇದ್ದಳು. ಕೈ ನಿಂತರೆ ಅಳು ಬರುತ್ತದೆಂದು ಅವಳಿಗೆ ಗೊತ್ತಿತ್ತು...

"ಅವರೇ ಬೇಡ ಅಂದ್ರು ಅತ್ತೆ. ಪಂದ್ಯ ಮುಗಿಯೋವರೆಗೂ ಆಪರೇಷನ್ ಮಾತು ಎತ್ತಬೇಡ ಅಂದ್ರು."

"ಅವನು ಬಾವಿಗೆ ಬೀಳ್ತೀನಿ ಅಂದ್ರೆ ಹಗ್ಗ ಬಿಚ್ಚಿ ಕೊಡ್ತೀಯಾ?"

ಸೊಸೆ ಬಾಟಲಿಯ ಮುಚ್ಚಳ ತಿರುಗಿಸಿದಳು. ಅತ್ತೆಯ ನಾಲಿಗೆ ಚೂರಿಯಂಥದ್ದು ನಿಜ. ಆದರೆ ಈ ಸಲ ಅದು ಸುಳ್ಳು ಹೇಳಿರಲಿಲ್ಲ.

ಅಪ್ಪ ಬಸ್ ಡ್ರೈವರ್. ಮಗಳಿಗೆ ಸೈಕಲ್ ಕಲಿಸಿದ್ದು ಅವನೇ, ಕೆಟ್ಟ ಅಭ್ಯಾಸ ಕಲಿಸಿದ್ದೂ ಅವನೇ. ಗಾಳಿ ಸೀಳಬೇಕಾದರೆ ತಲೆ ತಗ್ಗಿಸಬೇಕು. ತಗ್ಗಿಸಿದರೆ ದಾರಿ ಕಾಣುವುದಿಲ್ಲ. "ನೀನು ಚಕ್ರ ನೋಡು, ದಾರಿ ನಾನು ನೋಡ್ಕೋತೀನಿ" ಎಂದು ಹಿಂದೆಯೇ ಬರುವ ಕಾರಿನಿಂದ ಮೈಕಿನಲ್ಲಿ ತಿರುವು, ಗುಂಡಿ, ಏರು ಎಲ್ಲವನ್ನೂ ಕೂಗಿ ಹೇಳುತ್ತಾ ಬೆಳೆಸಿದ್ದ. ಅವಳ ಕಣ್ಣೆಲ್ಲ ಅವನ ದನಿಯಲ್ಲೇ ಇತ್ತು. ಈಗ ದೇಶದೇಶಗಳ ಕಿರಿಯ ಹುಡುಗಿಯರು ಇದೇ ಊರಿಗೆ ಬಂದಿದ್ದರು, ಟೈಮ್ ಟ್ರಯಲ್ ಎಂಬ ಸೈಕಲ್ ಪಂದ್ಯಕ್ಕೆ. ಗುಂಪಿಲ್ಲ, ಜೊತೆಯಿಲ್ಲ; ಒಬ್ಬೊಬ್ಬರೇ ಗಡಿಯಾರದ ಜೊತೆ ಸೆಣಸಬೇಕು. ಮುಂದಿನ ವರ್ಷಕ್ಕೆ ಮಗಳ ವಯಸ್ಸು ಮೀರುತ್ತದೆ. ಅಷ್ಟರಲ್ಲಿ ಅಪ್ಪನ ಗಂಟಲಲ್ಲಿ ಗಡ್ಡೆ... ಬೇಗ ತೆಗೆಸಿ, ತೆಗೆದ ಮೇಲೆ ಬಹಳ ದಿನ ಮಾತಾಡುವಂತಿಲ್ಲ ಎಂದಿದ್ದರು ಡಾಕ್ಟರು. ಪಂದ್ಯದ ದಿನ ತನ್ನ ದನಿ ಇಲ್ಲದಿದ್ದರೆ ಮಗಳು ಎಲ್ಲಾದರೂ ಬಿದ್ದಾಳು ಎಂಬ ಒಂದೇ ಹೆದರಿಕೆಗೆ ಅವನು ಆಪರೇಷನ್ ಮುಂದೂಡಿದ್ದ. ಮಗಳಿಗೆ ಮಾತ್ರ ಶೀತ ಎಂದು ಹೇಳಿದ್ದ.

ಕಾರು ಓಡಿಸಲು ಅವನ ಜೊತೆಯ ಡ್ರೈವರ್ ಬಂದಿದ್ದ. ಅಪ್ಪ ಮೈಕು ಹಿಡಿದು ಮುಂದೆ ಕೂತ. ಎಂದೂ ಬಾರದ ಅಮ್ಮ ಅಂದು ಹಿಂದಿನ ಸೀಟು ಹತ್ತಿದಳು.

ಮಗಳು ಬಾಣದಂತೆ ಹೊರಟಳು. ಅರ್ಧ ದಾರಿಯವರೆಗೆ ಅಪ್ಪನ ದನಿ ಹರಿದ ಬಟ್ಟೆಯಂತೆ ಎಳೆದುಕೊಂಡು ಬಂತು. ಸೇತುವೆ ಇಳಿಯುತ್ತಿದ್ದಂತೆ "ಎಡಕ್ಕೆ..." ಎಂದವನು ಕೆಮ್ಮಿದ. ಕರವಸ್ತ್ರ ಕೆಂಪಾಯಿತು. ಮತ್ತೆ ಬಾಯಿ ತೆರೆದ. ಗಾಳಿ ಬಂತು, ಮಾತು ಬರಲಿಲ್ಲ.

ಅಮ್ಮ ಮುಂದೆ ಬಾಗಿ ಮೈಕು ಕಿತ್ತುಕೊಂಡಳು. "ಎಡಗಡೆ ತಿರುವು ಮಗಳೇ... ನಿಧಾನ. ಕುದಿಯೋ ಪಾತ್ರೆ ಹಿಡ್ಕೊಂಡು ಬರ್ತೀಯಲ್ಲ, ಹಾಗೆ."

ಮಗಳು ತಿರುವು ದಾಟಿದಳು. ಆಮೇಲೆ ತಲೆ ಎತ್ತಿದಳು. ಬ್ರೇಕು ಹಿಡಿದು ರಸ್ತೆ ಬದಿಗೆ ನಿಂತೇಬಿಟ್ಟಳು. ಹೋಗು ಹೋಗು ಎಂದು ಅಪ್ಪ ಗಾಜಿನ ಹಿಂದಿನಿಂದ ಕೈ ಬೀಸುತ್ತಿದ್ದ. ಅವಳು ಕಾರಿನ ಹತ್ತಿರ ಬಂದು ಕರವಸ್ತ್ರ ನೋಡಿದಳು.

"ಇದು ಶೀತ ಅಲ್ಲ. ಏನಮ್ಮ ಇದು?"

"ಗಡ್ಡೆ... ನಿನ್ನ ಪಂದ್ಯ ಆಗಲಿ ಅಂತ ಕಾಯ್ತಿದ್ರು."

"ನಿನಗೂ ಗೊತ್ತಿತ್ತಾ?"

ಅಮ್ಮ ಹೌದೆಂದು ತಲೆಯಾಡಿಸಿದಳು. ಹಿಂದೆ ಹೊರಟಿದ್ದ ಪರದೇಶದ ಹುಡುಗಿಯೊಬ್ಬಳು ಸುಯ್ಯೆಂದು ದಾಟಿ ಹೋದಳು. ಮಗಳು ಅತ್ತ ನೋಡಲೂ ಇಲ್ಲ.

"ಅಪ್ಪನ್ನ ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ ಮಾಮ" ಎಂದಳು ಕಾರು ಓಡಿಸುತ್ತಿದ್ದವನಿಗೆ.

"ನೀನೂ ಹತ್ತು" ಎಂದಳು ಅಮ್ಮ.

"ಇಲ್ಲಮ್ಮ. ನಾನು ಇಲ್ಲೇ ಬಿಟ್ಟುಬಂದ್ರೆ ಅಪ್ಪ ಕಾದಿದ್ದೆಲ್ಲ ನೀರಲ್ಲಿ ಹೋಮ. ನೋಡ್ಕೊಂಡೇ ಹೋಗ್ತೀನಿ, ಬೀಳಲ್ಲ."

ಅಪ್ಪನ ಕೆನ್ನೆ ಮುಟ್ಟಿ ಅವಳು ಸೈಕಲ್ ಹತ್ತಿದಳು. ಕಾರು ಅಡ್ಡರಸ್ತೆಗೆ ತಿರುಗುವವರೆಗೂ ಅಮ್ಮ ನೋಡುತ್ತಲೇ ಇದ್ದಳು... ತಲೆ ಎತ್ತಿಕೊಂಡು, ಗಾಳಿಯನ್ನೆಲ್ಲ ಎದೆಗೆ ತೆಗೆದುಕೊಂಡು, ಅಂಜುತ್ತಂಜುತ್ತ ಹೋಗುತ್ತಿದ್ದ ಮಗಳನ್ನು.

ಅಂದೇ ಆಪರೇಷನ್ ಆಗಿ ಜೀವ ಉಳಿಯಿತು. ದನಿ ಉಳಿಯಲಿಲ್ಲ. "ಮೊದಲೇ ಬಂದಿದ್ದರೆ ಒಂದಿಷ್ಟಾದರೂ ಉಳಿಸಲು ನೋಡಬಹುದಿತ್ತು" ಎಂದು ಡಾಕ್ಟರು ಹೇಳಿದಾಗ ಮಗಳು ಬಾಗಿಲಲ್ಲೇ ನಿಂತಿದ್ದಳು. ಅದನ್ನು ಯಾರಿಗೂ ಅವಳಿಂದ ಮರೆಮಾಚಲಾಗಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಅಜ್ಜಿ ಇದ್ದಳು. "ಎಷ್ಟನೆಯವಳಾಗಿ ಬಂದೆ?" ಎಂದಳು.

"ಕೊನೆಯವಳು ಅಜ್ಜಿ."

"ಬೀಳಲಿಲ್ಲ ತಾನೆ?"

"ಇಲ್ಲ."

ಅಜ್ಜಿ ಬಹಳ ಹೊತ್ತು ಮೊಮ್ಮಗಳ ಕಾಲುಗಳನ್ನೇ ನೋಡಿದಳು. ಆಮೇಲೆ ಸರಿದು ಜಾಗ ಮಾಡಿದಳು. "ಕೂತ್ಕೋ. ನಿಮ್ಮಮ್ಮನ್ನೂ ಕರಿ, ಬೆಳಗಿಂದ ನಿಂತೇ ಇದ್ದಾಳೆ."

ಎರಡು ದಿನದ ಮೇಲೆ ಒಂದು ಸಂಜೆ ಮಗಳು ಅಪ್ಪನ ಮಂಚದ ಪಕ್ಕ ಕೂತು, ಅವನು ನೋಡದೆ ಹೋದ ಉಳಿದರ್ಧ ದಾರಿಯನ್ನು ಹೇಳತೊಡಗಿದಳು. ಗೋದಾಮಿನ ಗೋಡೆ ಹಿಡಿದು ಏರು ಬರುತ್ತದೆ, ಏರಿನ ಮೇಲೆ ಎದುರು ಗಾಳಿ, ಆಮೇಲೆ ರಸ್ತೆ ಬಲಕ್ಕೆ ಬಾಗುತ್ತದೆ... "ಅಲ್ಲಿ ನಾನು ಗೇರ್ ಇಳಿಸಿದೆ ಅಪ್ಪ."

ಅಪ್ಪನ ಹುಬ್ಬು ಗಂಟಿಕ್ಕಿತು. ತಪ್ಪು ತಿದ್ದಬೇಕೆಂದು ಬಾಯಿ ತೆರೆದ. ಮಗಳು ಮಾತು ನಿಲ್ಲಿಸಿ, ಎಂದಿನಂತೆ ಕಿವಿಗೊಟ್ಟು ಕಾದಳು. ಅಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು...

"ಗೊತ್ತಾಯ್ತು ಅಪ್ಪ" ಎಂದಳು ಮಗಳು, ಅವನ ತುಟಿಯನ್ನೇ ನೋಡುತ್ತ. "ಇಳಿಸಬಾರದಿತ್ತು."