ಮೇಲಿನ ಮನೆಯ ಗೀಟುಗಳು

ಅವನು ನನ್ನನ್ನು ಮೊದಲ ಸಲ ನೋಡಿದ್ದು ನಾನು ಕರೆಂಟ್ ಮೀಟರಿಗೆ ಬೈಯುತ್ತಿದ್ದಾಗ.

ಮೆಟ್ಟಿಲ ಕೆಳಗಿನ ಇಕ್ಕಟ್ಟಿನಲ್ಲಿ, ಕೋಟು ಕೂಡ ಬಿಚ್ಚದೆ ಕುಕ್ಕರುಗಾಲಲ್ಲಿ ಕೂತು, ಮೊಬೈಲ್ ಟಾರ್ಚ್ ಹಿಡಿದು ಕನ್ನಡದಲ್ಲೇ ಗದರುತ್ತಿದ್ದೆ. ಪರದೇಶದಲ್ಲಿ ಇದೊಂದು ಅನುಕೂಲ, ಎಷ್ಟು ಜೋರಾಗಿ ಬೈದರೂ ಯಾರಿಗೂ ತಿಳಿಯುವುದಿಲ್ಲ.

“ಬೆಳಗ್ಗೆ ಹೋದವಳು ಈಗ ಬಂದಿದ್ದೀನಿ. ಫ್ರಿಜ್ ಕೂಡ ಆಫ್ ಮಾಡಿದ್ದೀನಿ. ಯಾರ ಮದುವೆಗೆ ಅಂತ ಹೀಗೆ ಓಡ್ತಾ ಇದ್ದೀಯೋ? ನಿನ್ನ ಮುಖಕ್ಕಿಷ್ಟು ಬೆಂಕಿ ಹಾಕ!”

“ಅದಕ್ಕೆ ಮಾನ ಮರ್ಯಾದೆ ಇಲ್ಲ ರೀ. ಬೈದ್ರೆ ಇನ್ನೂ ಜೋರಾಗಿ ಓಡುತ್ತೆ.”

ತಿರುಗಿ ನೋಡಿದೆ. ಮೆಟ್ಟಿಲ ಮೇಲೆ ಒಬ್ಬ ನಿಂತಿದ್ದ. ಕೈಯಲ್ಲಿ ಕಸದ ಚೀಲ, ಕಾಲಲ್ಲಿ ಮನೆಯ ಚಪ್ಪಲಿ. ನಗು ತಡೆಯಲು ಕೆಳತುಟಿ ಕಚ್ಚಿಕೊಂಡಿದ್ದ. ನನಗೆ ನಾಚಿಕೆಯಾಗಬೇಕಿತ್ತು. ಆದರೆ ಈ ಊರಿಗೆ ಬಂದ ಮೇಲೆ ಎದುರಿಗೆ ನಿಂತು ಕನ್ನಡ ಆಡಿದ ಮೊದಲ ಮನುಷ್ಯ ಅವನು. ಕಣ್ಣು ತುಂಬಿ ಬಂತು.

“ಅಯ್ಯಯ್ಯೋ, ಅಳಬೇಡಿ. ಮೀಟರ್ ಪರವಾಗಿ ನಾನೇ ಸಾರಿ ಕೇಳ್ತೀನಿ,” ಎಂದ.

ನಾನು ಅತ್ತಿದ್ದು ಬರೀ ಮೀಟರಿಗಲ್ಲ. ಇಲ್ಲಿ ಕರೆಂಟ್ ಕನೆಕ್ಷನ್ ನಮ್ಮ ಹೆಸರಿಗೆ ಆಗಬೇಕಾದರೆ ಬ್ಯಾಂಕ್ ಖಾತೆ ಬೇಕು, ಖಾತೆ ತೆರೆಯಬೇಕಾದರೆ ವಿಳಾಸ ತೋರಿಸಲು ಕರೆಂಟ್ ಬಿಲ್ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ಇವರಿಗೆಂದೇ ಹುಟ್ಟಿರಬೇಕು. ನೀರಿಗೊಂದು ಕಂಪನಿ, ಗ್ಯಾಸಿಗೊಂದು, ಇಂಟರ್ನೆಟ್ಟಿಗೆ ಮತ್ತೊಂದು. ಯಾವ ಕಂಪನಿಗೆ ಫೋನ್ ಮಾಡಿದರೂ ಮೊದಲು ಒಂದು ಸಂಗೀತ ಹಾಕಿ ಕಾಯಿಸುತ್ತಾರೆ. ಎಷ್ಟೋ ಸಂಜೆ ಆ ಸಂಗೀತ ಬಿಟ್ಟರೆ ನನ್ನ ಮನೆಯಲ್ಲಿ ಬೇರೆ ಸದ್ದೇ ಇರುತ್ತಿರಲಿಲ್ಲ.

ಕೆಲಸವೂ ಅಂಥದ್ದೇ. ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ದಿನವಿಡೀ ಹಲ್ಲುಗಳ ಮಧ್ಯೆ ಕೂತಿರುತ್ತೇನೆ, ಒಂದು ಬಾಯಿಯೂ ಮಾತಾಡುವುದಿಲ್ಲ. ನನ್ನನ್ನು ಸಾಕಿದ ದೊಡ್ಡಮ್ಮ ಫೋನ್ ಮಾಡಿದಾಗಲೆಲ್ಲ, “ಅಲ್ಲಿ ಯಾರಿದ್ದಾರೆ ಅಂತ ಕೂತಿದ್ದೀಯೇ? ಬಂದ್ಬಿಡು,” ಎನ್ನುತ್ತಾಳೆ. ಮನೆಯ ಬಾಡಿಗೆ ಕರಾರು ಮುಗಿಯುತ್ತಾ ಬಂದಿತ್ತು. ಮುಂದುವರಿಸುತ್ತೀಯೋ, ಖಾಲಿ ಮಾಡುತ್ತೀಯೋ ಎಂದು ಮನೆಯೊಡತಿ ಕೇಳಿದ್ದಳು. ಖಾಲಿ ಮಾಡುತ್ತೇನೆ ಎಂಬ ಮಾತು ನಾಲಿಗೆ ತುದಿಯಲ್ಲೇ ಇತ್ತು.

“ಮನೇಲಿ ಎಲ್ಲಾ ಆಫಾ?” ಎನ್ನುತ್ತಾ ಅವನು ನನ್ನ ಪಕ್ಕದಲ್ಲಿ ಕುಕ್ಕರಿಸಿದ.

“ಎಲ್ಲಾ.”

“ಹಾಗಾದ್ರೆ ಇದರ ಸ್ವಿಚ್ಚನ್ನೇ ಇಳಿಸಿ ನೋಡಿ.”

ಇಳಿಸಿದೆ. ಮೇಲಿನಿಂದ ಸಣ್ಣಗೆ ಕೇಳುತ್ತಿದ್ದ ರೇಡಿಯೊ ತಟ್ಟನೆ ನಿಂತಿತು. ಇಬ್ಬರೂ ಮೇಲೆ ನೋಡಿದೆವು. ಆಮೇಲೆ ಒಬ್ಬರನ್ನೊಬ್ಬರು.

“ಅದು ನನ್ನ ರೇಡಿಯೊ,” ಎಂದ ಮೆಲ್ಲಗೆ.

“ನನ್ನ ದುಡ್ಡಲ್ಲಿ ಹಾಡ್ತಿದ್ದ ರೇಡಿಯೊ! ಕನೆಕ್ಷನ್ ತಗೊಳ್ಳುವಾಗ ಎಷ್ಟನೇ ಮಹಡಿ ಅಂತ ಹೇಳಿದ್ರಿ?”

“ಎರಡನೇದು. ಅಂಗಡಿ ಇರೋದು ನೆಲ, ನಿಮ್ಮದು ಒಂದು, ನನ್ನದು ಎರಡು.”

“ಇಲ್ಲಿ ನೆಲಾನೇ ಒಂದು ಕಣ್ರೀ! ನಿಮ್ಮದು ಮೂರು. ಎರಡು ಅಂದ್ರೆ ನನ್ನ ಮನೆ. ನೀವು ಮೊದಲೇ ಬಂದು ನನ್ನ ಮೀಟರ್ ಬರೆಸಿಕೊಂಡಿದ್ದೀರಿ. ಆಮೇಲೆ ಬಂದ ನನಗೆ ಉಳಿದಿದ್ದನ್ನ, ಅಂದ್ರೆ ನಿಮ್ಮದನ್ನ, ತಗುಲಿಸಿದ್ದಾರೆ.”

“ಆಗಿನ್ನೂ ಬಂದ ಹೊಸದು... ನಮ್ಮೂರ ಲೆಕ್ಕ ಹೇಳಿಬಿಟ್ಟೆ.”

“ಏನ್ರೀ ಕೆಲಸ ನಿಮ್ಮದು?”

ಅವನು ಕಸದ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. “ಲಿಫ್ಟ್ ಮೆಕ್ಯಾನಿಕ್.”

ನಾನು ನಕ್ಕೆ. ಗೋಡೆ ಹಿಡಿದುಕೊಂಡು ನಕ್ಕೆ. ಆ ಕಟ್ಟಡದಲ್ಲಿ ನನ್ನ ನಗು ಹೇಗೆ ಕೇಳಿಸುತ್ತದೆ ಎಂದು ಅವತ್ತೇ ಗೊತ್ತಾದದ್ದು.

ಕಂಪನಿಗೆ ದೂರು ಕೊಟ್ಟೆವು. ಇಬ್ಬರೂ ತಂತಮ್ಮ ಮನೆಯ ಮೀಟರಿನ ಫೋಟೋ ಕಳಿಸಬೇಕು, ಆಮೇಲೆ ಅವರ ಮನುಷ್ಯ ಬಂದು ಅದಲು ಬದಲು ಮಾಡಿ, ಹಳೆಯ ಬಿಲ್ಲನ್ನೂ ಸರಿಮಾಡುತ್ತಾನೆ ಎಂದರು. ನಾನು ಅವತ್ತೇ ಕಳಿಸಿದೆ.

ಕನೆಕ್ಷನ್ ಜೊತೆ ಕಂಪನಿ ಒಂದು ಸಣ್ಣ ಡಬ್ಬಿ ಕೊಟ್ಟಿರುತ್ತದೆ. ಕರೆಂಟ್ ಎಷ್ಟು ಖರ್ಚಾಗುತ್ತಿದೆ ಎಂದು ಅದರ ಪರದೆಯ ಮೇಲೆ ಹಸಿರು ಗೀಟುಗಳಲ್ಲಿ ಕಾಣುತ್ತದೆ. ನನ್ನದು ಅಡುಗೆಮನೆ ಕಟ್ಟೆಯ ಮೇಲಿತ್ತು. ಅಷ್ಟು ದಿನ ಅದನ್ನು ಕಂಡರೆ ಮೈಯೆಲ್ಲಾ ಉರಿಯುತ್ತಿತ್ತು. ಅದರಲ್ಲಿ ಕಾಣುತ್ತಿದ್ದದ್ದು ನಾನಲ್ಲ, ಅವನು ಎಂದು ಈಗ ತಿಳಿಯಿತು.

ಬೆಳಗ್ಗೆ ಗೀಟುಗಳು ತುದಿ ಮುಟ್ಟಿದರೆ ಗೀಸರ್. ಸ್ವಲ್ಪವೇ ಏರಿ ಇಳಿದರೆ ಟೀ. ಭಾನುವಾರ ಮಧ್ಯಾಹ್ನವಾದರೂ ಒಂದೇ ಗೀಟು, ಫ್ರಿಜ್ಜಿನದು. ಆಸಾಮಿ ಇನ್ನೂ ಎದ್ದಿಲ್ಲ. ಕೆಲಸದಿಂದ ಬಂದು ಕೋಟು ಬಿಚ್ಚುವ ಮೊದಲೇ ಡಬ್ಬಿ ನೋಡುವ ಅಭ್ಯಾಸವಾಯಿತು. ಗೀಟು ಏರಿದ್ದರೆ ನನಗೇ ಯಾರೋ ಬಾಗಿಲು ತೆಗೆದ ಹಾಗೆ ಸಮಾಧಾನ.

“ಏನು ಸಾಹೇಬ್ರೇ, ನಿನ್ನೆ ಇಸ್ತ್ರಿ ಜೋರಾಗಿತ್ತು?” ಎಂದೆ ಒಂದು ದಿನ ಮೆಟ್ಟಿಲಲ್ಲಿ ಸಿಕ್ಕಾಗ.

“ಇಸ್ತ್ರಿ ಅಂತ ಹೇಗೆ ಗೊತ್ತಾಯ್ತು?”

“ಏರುತ್ತೆ, ಇಳಿಯುತ್ತೆ, ಮತ್ತೆ ಏರುತ್ತೆ. ಗೀಸರ್ ಆಗಿದ್ರೆ ಏರಿ ಕೂತ್ಬಿಡುತ್ತೆ.”

ಅವನು ಕೈಕಟ್ಟಿಕೊಂಡು ಗೋಡೆಗೆ ಒರಗಿದ. “ನಿಮ್ಮ ಕಥೆಯೂ ನನಗೆ ಗೊತ್ತು, ಹಲ್ಲು ಮೇಡಂ. ಬಂದ ತಕ್ಷಣ ಒಂದು ದೀಪ, ಒಂದು ಕೆಟಲ್. ಅಷ್ಟೇ. ಈ ಚಳೀಲಿ ಹೀಟರ್ ಯಾಕೆ ಹಾಕಲ್ಲ?”

“ಬಿಲ್ ಬರುತ್ತಲ್ಲ!”

“ಬಿಲ್ ಸದ್ಯಕ್ಕೆ ನನಗೆ ತಾನೇ ಬರೋದು? ಹಾಕ್ಕೊಳ್ಳಿ.”

ಹೇಳುವಾಗ ಅವನ ಕಣ್ಣು ನನ್ನ ಎರಡು ಸ್ವೆಟರುಗಳ ಮೇಲಿತ್ತು. ಆಮೇಲೆ ಒಂದು ಗಳಿಗೆ ನನ್ನ ಮುಖದ ಮೇಲೆ. ನಾನು ಬೀಗದ ಕೈ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದೆ, ಅದು ಕೈಯಲ್ಲೇ ಇತ್ತು. ಆ ಸಂಜೆ ಹೀಟರ್ ಹಾಕಿದೆ, ಮೊದಲ ಸಲ ಕಾಲುಚೀಲವಿಲ್ಲದೆ ಓಡಾಡಿದೆ.

ಮುಂದಿನ ವಾರ ಜ್ವರ ಬಂತು. ಚೆನ್ನಾಗಿದ್ದೀನಿ ಎಂದು ದೊಡ್ಡಮ್ಮನಿಗೆ ಸುಳ್ಳು ಹೇಳಿ ಮುಸುಕು ಹಾಕಿ ಮಲಗಿದೆ. ಇಲ್ಲಿ ಸತ್ತರೂ ವಾಸನೆ ಬಂದ ಮೇಲೇ ಗೊತ್ತಾಗೋದು ಅನ್ನಿಸಿ ಅಳು ಬಂತು. ಆಗ ಬಾಗಿಲು ಬಡಿದ ಸದ್ದಾಯಿತು.

ಮುಚ್ಚಳ ಹಾಕಿದ ಪಾತ್ರೆ ಹಿಡಿದು ಅವನು ನಿಂತಿದ್ದ. “ನಿನ್ನೆಯಿಂದ ಕೆಟಲ್ ಹಾಕಿಲ್ಲ ನೀವು. ದೀಪಾನೂ ಇಲ್ಲ. ಹುಷಾರಿಲ್ವಾ?”

ಸೂಪಿಗೆ ಉಪ್ಪು ಮರೆತಿದ್ದ. ನಾನು ತಳ ಕಾಣುವವರೆಗೂ ಕುಡಿದೆ.

ಇಷ್ಟಾದರೂ ಅವನು ಬಾಯಿಬಿಟ್ಟು ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಸೂಪು ಕೊಟ್ಟವನನ್ನು ನಂಬಿ ಬದುಕನ್ನೇ ಇಲ್ಲಿ ಹೂಡಲು ಧೈರ್ಯ ಸಾಲಲಿಲ್ಲ. ಮನೆಯೊಡತಿ ಮತ್ತೆ ಕೇಳಿದಾಗ, ಖಾಲಿ ಮಾಡಬಹುದು, ವಾರದಲ್ಲಿ ಖಚಿತ ಮಾಡುತ್ತೇನೆ ಎಂದೆ. ಖಾತೆ ಮುಚ್ಚಿಸಲು ಏನು ಬೇಕೆಂದು ಕರೆಂಟ್ ಕಂಪನಿಗೆ ಫೋನ್ ಮಾಡಿದರೆ, “ಮೊದಲು ಮೀಟರ್ ಸರಿಯಾಗಬೇಕು. ಮೇಲಿನ ಮನೆಯವರು ಇನ್ನೂ ಫೋಟೋ ಕಳಿಸಿಲ್ಲವಲ್ಲ,” ಎಂದರು.

ದಡದಡ ಮೆಟ್ಟಿಲು ಹತ್ತಿದೆ.

“ಯಾಕೆ ಕಳಿಸಿಲ್ಲ?”

ಅವನು ಬಾಗಿಲ ಚೌಕಟ್ಟಿನ ಬಣ್ಣ ಕೆರೆಯುತ್ತಾ ನಿಂತ. “ಕಳಿಸಿದ್ರೆ ಸರಿಮಾಡಿಬಿಡ್ತಾರೆ.”

“ಸರಿಮಾಡಲಿ ಅಂತ ತಾನೇ ದೂರು ಕೊಟ್ಟಿದ್ದು?”

“ಹೌದು. ಆದ್ರೆ ಸರಿಯಾದ ಮೇಲೆ ನನ್ನ ಡಬ್ಬೀಲಿ ನಾನೊಬ್ಬನೇ ಕಾಣ್ತೀನಿ. ನೀವು ಕೆಟಲ್ ಹಾಕಿದಾಗ ನಾನೂ ಟೀ ಇಡ್ತಿದ್ದೆ. ಜೊತೇಲಿ ಕುಡಿದ ಹಾಗೆ ಆಗ್ತಿತ್ತು. ಅದಕ್ಕೇ ತಡ ಮಾಡಿದೆ. ತಪ್ಪಾಯ್ತು.”

ನನ್ನ ಬಾಯಿಂದ ಹೇಳಬೇಕಾದ್ದು ಹೊರಡಲಿಲ್ಲ, ಹೊರಟಿದ್ದು ಬೇರೆಯೇ. “ನಾನು ಮನೆ ಖಾಲಿ ಮಾಡಬೇಕು ಅಂತಿದ್ದೀನಿ.”

ಅವನು ತಲೆಯಾಡಿಸಿದ. ಕೆಳಗಿಳಿದು ಹೋಗಿ ಫೋಟೋ ತೆಗೆದು, ಮೇಲೆ ಬಂದು ನನ್ನೆದುರೇ ಕಳಿಸಿದ. “ಹೊರಟವರಿಗೆ ಮೀಟರ್ ಅಡ್ಡ ಇಡಬಾರದು,” ಎಂದು ಒಳಗೆ ಹೋದ. ರೇಡಿಯೊ ಅವತ್ತು ಹಾಡಲಿಲ್ಲ.

ಕೆಲವು ದಿನ ಬಿಟ್ಟು ಕಂಪನಿಯ ಮನುಷ್ಯ ಬಂದು ಕಾಗದ ಸರಿಮಾಡಿದ. ನನ್ನ ಡಬ್ಬಿಯನ್ನು ಮೇಲೆ ಕೊಟ್ಟು, ಮೇಲಿನದನ್ನು ನನಗೆ ತಂದುಕೊಟ್ಟ. “ಇನ್ನು ನಿಮ್ಮದು ನಿಮಗೆ, ಅವರದು ಅವರಿಗೆ,” ಎಂದು ಕೈ ಒರೆಸಿಕೊಂಡು ಹೋದ.

ಸಂಜೆ ಡಬ್ಬಿಯೆದುರು ಕೂತೆ. ದೀಪ ಹಾಕಿದೆ, ಗೀಟು ಏರಿತು. ಆರಿಸಿದೆ, ಇಳಿಯಿತು. ನಾನು ಮಾಡುವುದೆಲ್ಲ ನನಗೆ ಮೊದಲೇ ಗೊತ್ತು. ಅದರಲ್ಲಿ ನೋಡುವುದೇನಿದೆ? ಮೇಲೆ ಅವನು ಬಂದನೋ, ಉಂಡನೋ, ಮಲಗಿದನೋ ತಿಳಿಯದೆ ಜೀವ ಚಡಪಡಿಸಿತು. ಎಷ್ಟೋ ತಿಂಗಳು ಒಂಟಿಯಾಗಿದ್ದೆ, ಆದರೆ ಇಷ್ಟು ಒಂಟಿ ಯಾವತ್ತೂ ಆಗಿರಲಿಲ್ಲ. ಅವನಿಲ್ಲದೆ ನನಗೆ ಆಗುವುದಿಲ್ಲ ಎಂದು ಆ ಡಬ್ಬಿಯೇ ಹೇಳಿಕೊಡಬೇಕಾಯಿತು.

ಮನೆಯೊಡತಿಗೆ ಫೋನ್ ಮಾಡಿದೆ. ಡಬ್ಬಿ ಎತ್ತಿಕೊಂಡು ಮೇಲೆ ಹೋದೆ.

“ನನಗೆ ತಪ್ಪು ಡಬ್ಬಿ ಕೊಟ್ಟಿದ್ದಾರೆ,” ಎಂದೆ.

“ಇಲ್ವಲ್ಲ, ಸರಿಯಾಗೇ—”

“ತಪ್ಪು ಅಂದ್ರೆ ತಪ್ಪು. ನನ್ನದು ಕೊಡಿ.”

ಅವನು ನನ್ನ ಕೈಯಲ್ಲಿದ್ದ ಡಬ್ಬಿ ನೋಡಿದ, ನನ್ನನ್ನು ನೋಡಿದ. ಒಳಗೆ ಹೋಗಿ ತನ್ನದನ್ನು ತಂದ. ಅದಲು ಬದಲು ಮಾಡಿಕೊಳ್ಳುವಾಗ ಬೆರಳು ತಾಗಿತು; ಇಬ್ಬರೂ ಬೇಗ ಹಿಂತೆಗೆಯಲಿಲ್ಲ.

“ಮನೆ ಖಾಲಿ ಮಾಡೋರಿಗೆ ಇದು ಯಾಕೆ?”

“ಒಡತಿಗೆ ಇನ್ನೂ ಒಂದು ವರ್ಷ ಇರ್ತೀನಿ ಅಂದೆ.”

“ಯಾಕೆ?”

“ಸೂಪಿಗೆ ಉಪ್ಪು ಹಾಕೋದು ಯಾರಾದ್ರೂ ಕಲಿಸಬೇಕಲ್ಲ,” ಎಂದವಳೇ ತಿರುಗಿ ನೋಡದೆ ಕೆಳಗೆ ಓಡಿದೆ.

ಅಡುಗೆಮನೆ ಕಟ್ಟೆಯ ಮೇಲೆ ಡಬ್ಬಿ ಇಟ್ಟೆ. ಅವನ ಗೀಟುಗಳು ಮತ್ತೆ ನನ್ನೆದುರು ಹಸಿರಾಗಿ ನಿಂತಿದ್ದವು. ನೋಡುತ್ತಿದ್ದ ಹಾಗೆಯೇ ಒಂದು ಗೀಟು ಇಳಿಯಿತು. ಹೀಟರ್ ಆರಿತೇನೋ, ಮತ್ತಷ್ಟು ಇಳಿದವು. ದೀಪವೂ ಹೋಯಿತು. ಕೊನೆಗೆ ಉಳಿದದ್ದು ಫ್ರಿಜ್ಜಿನ ಒಂದೇ ಗೀಟು. ನನ್ನ ಮಾತು ಅರ್ಥವಾಗದೆ ಮಲಗಿಬಿಟ್ಟನೇ?

ಆಗ ಮೆಟ್ಟಿಲ ಮೇಲೆ ಮನೆಯ ಚಪ್ಪಲಿಯ ಸದ್ದು ಕೇಳಿಸಿತು, ಕೆಳಗೆ ಬರುತ್ತಿದ್ದ ಸದ್ದು.

ನಾನು ಎದ್ದು ಕೆಟಲ್ ಹಾಕಿದೆ. ಅದನ್ನು ಡಬ್ಬಿಯಲ್ಲಿ ನೋಡಲು ಮೇಲೆ ಯಾರೂ ಇರಲಿಲ್ಲ.