ಗೋದಾಮಿನ ಹಿಂದಿನ ತಿರುವು

"ಹೊಯ್ಗೆ ಇತ್ತು ಸರ್! ದೇವರಾಣೆ, ಗೋದಾಮಿನ ಹಿಂದೆ ಹೊಯ್ಗೆ ಇತ್ತು!"

ಪ್ರಣೀತಾ ಒಂದೇ ಉಸಿರಿಗೆ ಹೇಳಿದಳು. ಅವಳ ಮೊಣಕೈ ತರಚಿ ರಕ್ತ ಜಿನುಗುತ್ತಿತ್ತು. ಬಾಯೊಳಗೆ ಆ ಮರಳು ಇನ್ನೂ ಕರಕರ ಎನ್ನುತ್ತಿತ್ತು.

ಎಡ್ಮಂಡ್ ಸರ್ ಕೈಯಲ್ಲಿದ್ದ ಸ್ಟಾಪ್‌ವಾಚ್ ನೋಡಿದರು. ಆಮೇಲೆ ಅವಳನ್ನು ನೋಡಿದರು.

"ಬೆಳಿಗ್ಗೆ ನಾನೇ ನಿಂತು ಗುಡಿಸಿಸಿದ್ದೇನೆ ಮಗಾ. ಬಿದ್ದವರೆಲ್ಲ ಎಂತಾದರೊಂದು ಹೇಳ್ತಾರೆ. ಶೂ ಲೂಸ್ ಅಂತಾರೆ, ಚಕ್ರ ಜಾಮ್ ಅಂತಾರೆ. ಈಗ ನಿಂದು ಹೊಯ್ಗೆ."

"ಆಮೇಲೆ ಗಾಳಿ ಬಂತಲ್ಲ ಸರ್? ನೀವೇ ಬಂದು ನೋಡಿ, ಪ್ಲೀಸ್."

ಸರ್ ಬೆವರು ಒರೆಸಿಕೊಂಡರು. ಹುಡುಗರ ಗುಂಪು ಹೆಲ್ಮೆಟ್ ಹಾಕಿಕೊಂಡು ತಮ್ಮ ಟ್ರಯಲ್‌ಗೆ ಕಾಯುತ್ತಿತ್ತು. ಬಿಸಿಲು ಆಗಲೇ ಏರಿತ್ತು.

"ಒಂದು ಕೆಲಸ ಮಾಡುವ," ಎಂದರು ಸರ್. "ಈಗ ಕ್ಯಾರೆನ್ ಹೋಗ್ತಾಳೆ. ಅವಳೂ ಅಲ್ಲೇ ಬಿದ್ದರೆ ಹೊಯ್ಗೆ ಇತ್ತು ಅಂತ ಒಪ್ತೇನೆ. ಇಬ್ಬರಿಗೂ ಇನ್ನೊಂದು ಚಾನ್ಸ್. ಬೀಳದಿದ್ದರೆ ಖಲಾಸ್. ಆಯ್ತಾ?"

ಪ್ರಣೀತಾ ತಲೆಯಾಡಿಸಿದಳು. ಆಗುವುದಿಲ್ಲ ಎನ್ನುವುದು ಹೇಗೆ?

ಮಸ್ಕತ್ತಿನ ಆಚೆಯ ನಿಜ್ವಾ ಊರಿನ ಹೊರಗೆ ಮುಚ್ಚಿಹೋದ ಫರ್ನಿಚರ್ ಗೋದಾಮೊಂದಿತ್ತು. ಅದರ ಅಂಗಳದಲ್ಲಿ ಎಡ್ಮಂಡ್ ಸರ್ ಶನಿವಾರ ಶನಿವಾರ ಸ್ಕೇಟಿಂಗ್ ಕಲಿಸುತ್ತಿದ್ದರು. ಗೇಟಿನ ಹತ್ತಿರದ ಗೆರೆಯಿಂದ ಹೊರಟು ಗೋದಾಮಿಗೆ ಒಂದು ಸುತ್ತು ಬಂದರೆ ಒಂದು ರೇಸ್. ದಾರಿಯುದ್ದಕ್ಕೂ ಕೆಂಪು ಕೋನ್‌ಗಳನ್ನು ಇಟ್ಟಿರುತ್ತಿದ್ದರು. ಅವುಗಳ ಎಡಕ್ಕೆ, ಬಲಕ್ಕೆ ಹಾವಿನಂತೆ ಬಳುಕುತ್ತ ಹೋಗಬೇಕು. ಹಿಂದಿನ ತಿರುವಿನಲ್ಲಿ ಯಾರು ಬಿದ್ದರೂ ಗೇಟಿನ ಹತ್ತಿರ ನಿಂತವರಿಗೆ ಕಾಣುವುದಿಲ್ಲ.

ಮಸ್ಕತ್ತಿನ ದೊಡ್ಡ ಸ್ಕೇಟಿಂಗ್ ಮೀಟ್‌ಗೆ ಇಲ್ಲಿಂದ ಹೋಗುವುದು ಒಬ್ಬಳೇ ಹುಡುಗಿ. ಪ್ರಣೀತಾ, ಇಲ್ಲವೇ ಕ್ಯಾರೆನ್. ಇವತ್ತಿನ ಟ್ರಯಲ್ ಅದಕ್ಕೇ.

ಪ್ರಣೀತಾಳಿಗೆ ಈ ಹುಚ್ಚು ಹತ್ತಿದ್ದು ಅಪ್ಪನ ಫೋನಿನಿಂದ. ಹಿಮ ಎಂದರೆ ಅವಳು ಕಂಡದ್ದು ಫ್ರೀಜರಿನ ಗೋಡೆಗೆ ಅಂಟಿದ್ದು ಮಾತ್ರ. ಆದರೆ ಹಿಮದ ಗುಡ್ಡದಿಂದ ಸ್ಕೀ ಕಟ್ಟಿಕೊಂಡು ಬಾಣದಂತೆ ಇಳಿಯುವ ಟೀನಾ ಮಾಜೆಯ ವಿಡಿಯೋಗಳೆಲ್ಲ ಅವಳಿಗೆ ಬಾಯಿಪಾಠ. ಸ್ಲೊವೇನಿಯಾ ಎಂಬ ಪುಟ್ಟ ದೇಶದ ಟೀನಾ. ಒಂದು ಒಲಿಂಪಿಕ್ಸ್‌ನಲ್ಲಿ ಎರಡು ಬೆಳ್ಳಿ, ಮುಂದಿನದರಲ್ಲಿ ಎರಡು ಚಿನ್ನ. ಗೆದ್ದಾಗ ಖುಷಿಯಿಂದ ಹಿಮದ ಮೇಲೆ ಲಾಗ ಹಾಕುತ್ತಿದ್ದಳು. ಪ್ರಣೀತಾಳೂ ಮನೆಯ ಕಾರ್ಪೆಟ್ ಮೇಲೆ ಲಾಗ ಕಲಿತಿದ್ದಳು. ಟೀಪಾಯಿಯ ಗಾಜು ಒಡೆದು ಅಮ್ಮನಿಂದ ಬೈಸಿಕೊಂಡೂ ಇದ್ದಳು.

ಟೀನಾಳ ಒಂದು ಚಿನ್ನ ಪಾಲಿನದು. ಸ್ವಿಟ್ಜರ್‌ಲೆಂಡಿನವಳದೂ ಅವಳದೂ ಒಂದೇ ಟೈಮ್ ಬಂದು, ಇಬ್ಬರಿಗೂ ಚಿನ್ನ ಕೊಟ್ಟಿದ್ದರು. ಹೋದ ವಾರ ಪ್ರಣೀತಾ ಅದನ್ನು ಕ್ಯಾರೆನ್‌ಗೆ ಹೇಳಿದ್ದಳು.

"ನಮಗೂ ಸೇಮ್ ಟೈಮ್ ಬಂದರೆ ಇಬ್ಬರೂ ಮಸ್ಕತ್ತಿಗೆ ಹೋಗ್ಬಹುದು."

"ಅದೆಲ್ಲ ಟಿವಿಯಲ್ಲಿ ಮಾರಾಯ್ತಿ," ಎಂದು ಕ್ಯಾರೆನ್ ನಕ್ಕಿದ್ದಳು.

ಬೆಳ್ಳಿಯಿಂದ ಚಿನ್ನಕ್ಕೆ ಬರಲು ಟೀನಾಳಿಗೆ ನಾಲ್ಕು ವರ್ಷ ಇತ್ತು. ಪ್ರಣೀತಾಳಿಗೆ ಇರುವುದು ಮಾರ್ಚ್ ತನಕ. ಅಪ್ಪನ ಎ.ಸಿ. ಕಂಪೆನಿಯ ನಿಜ್ವಾ ಬ್ರಾಂಚ್ ಮುಚ್ಚುತ್ತಿದೆ. ಅಪ್ಪನನ್ನು ದೂರದ ದುಕ್ಮ್ ಎಂಬ ಊರಿಗೆ ಹಾಕಿದ್ದಾರೆ. ಅಲ್ಲಿ ಫ್ಯಾಮಿಲಿ ಇಟ್ಟುಕೊಳ್ಳುವ ಹಾಗಿಲ್ಲ. ಪರೀಕ್ಷೆ ಮುಗಿದದ್ದೇ ಅಮ್ಮ ಮತ್ತು ಅವಳು ಮೂಲ್ಕಿಗೆ, ಅಜ್ಜಿಯ ಮನೆಗೆ. ಅಜ್ಜಿಯ ಮನೆಯ ಮುಂದಿನ ರಸ್ತೆ ಪೂರ್ತಿ ಜಲ್ಲಿ.

"ಮುಂದಿನ ವರ್ಷ ನೋಡುವ" ಎನ್ನುವ ಮಾತು ಅವಳ ಪಾಲಿಗೆ ಇರಲಿಲ್ಲ.

ಕ್ಯಾರೆನ್ ಲೇಸ್ ಬಿಗಿದು ಗೆರೆಯ ಹತ್ತಿರ ಬಂದಳು. ಅವಳು ಅಷ್ಟು ಹೊತ್ತೂ ಆಚೆ ನೆರಳಿನಲ್ಲಿ ಅವಳಮ್ಮ ಹಿಲ್ಡಾ ಆಂಟಿಯ ಜೊತೆ ಕೂತಿದ್ದಳು. ಸರ್ ಹೇಳಿದ ಒಂದು ಮಾತೂ ಅವಳಿಗೆ ಕೇಳಿರಲಿಲ್ಲ.

"ಹೇ, ಬಿದ್ದದ್ದಾ ನೀನು? ತುಂಬಾ ನೋವುಂಟಾ?"

"ಸ್ವಲ್ಪ."

"ನಂಗೆ ಹೆದರಿಕೆ ಆಗ್ತಾ ಉಂಟು ಮಾರಾಯ್ತಿ. ಟ್ರ್ಯಾಕ್ ಹೇಗುಂಟು?"

ಪ್ರಣೀತಾಳ ನಾಲಿಗೆಗೆ ಮರಳು ತಾಗಿತು. ಅವಳು ಅದನ್ನು ನುಂಗಿದಳು.

"ಎಂತ ಇಲ್ಲ. ಓಕೆ ಉಂಟು."

"ಗುಡ್," ಎಂದು ಕ್ಯಾರೆನ್ ಬಗ್ಗಿ ನಿಂತಳು. ಅವಳ ಎರಡು ಜಡೆಗಳು ಹೆಲ್ಮೆಟ್ಟಿನ ಕೆಳಗೆ ಇಲಿಬಾಲದ ಹಾಗೆ ಕಾಣುತ್ತಿದ್ದವು.

ಅವಳು ಬೀಳಲಿ, ಎಂದುಕೊಂಡಳು ಪ್ರಣೀತಾ. ಜೋರಾಗಿ ಬೇಡ, ಮೆತ್ತಗೆ ಬೀಳಲಿ. ಅಷ್ಟು ಸಾಕು. ಆಮೇಲೆ ಇಬ್ಬರೂ ಇನ್ನೊಮ್ಮೆ ಹೋಗಬಹುದು.

ಆದರೆ ಆ ತಿರುವಿನಲ್ಲಿ ಮೆತ್ತಗೆ ಬೀಳಲು ಆಗುವುದಿಲ್ಲ. ಹಿಂದಿನ ವಾದಿಯ ಕಡೆಯಿಂದ, ಆ ಒಣಗಿದ ಹೊಳೆಯಿಂದ, ಗಾಳಿ ಮರಳು ತಂದು ಸುರಿದಿತ್ತು. ಸಿಮೆಂಟಿನ ಬಣ್ಣ, ಮರಳಿನ ಬಣ್ಣ ಎರಡೂ ಒಂದೇ. ಅವಳ ಚಕ್ರ ತಟ್ಟನೆ ಹಿಡಿದುಕೊಂಡಿತ್ತು, ನೆಲ ಎದ್ದು ಬಂದು ಮುಖಕ್ಕೆ ಹೊಡೆದ ಹಾಗಾಗಿತ್ತು. ಕ್ಯಾರೆನ್ ಅವಳಿಗಿಂತಲೂ ವೇಗವಾಗಿ ಹೋಗುತ್ತಾಳೆ.

ಸರ್ ವಿಸಿಲ್ ಬಾಯಿಗಿಟ್ಟರು.

"ಗೋದಾಮಿನ ಹಿಂದೆ ಹೊಯ್ಗೆ ಉಂಟು!" ಪ್ರಣೀತಾ ಕಿರುಚಿದಳು. "ಗೋಡೆ ಸೈಡಿಗೆ ಹೋಗು! ಸ್ಲೋ ಮಾಡು!"

ಕ್ಯಾರೆನ್ ತಿರುಗಿ ನೋಡಿದಳು. "ಈಗಷ್ಟೇ ಓಕೆ ಅಂದೆ? ನನ್ನನ್ನು ಸ್ಲೋ ಮಾಡಿಸ್ಲಿಕ್ಕಾ?"

ವಿಸಿಲ್ ಕೂಗಿತು. ಕ್ಯಾರೆನ್ ಹೊರಟೇಬಿಟ್ಟಳು.

ಚಕ್ರಗಳ ಸದ್ದು ಗೋದಾಮಿನ ಮೂಲೆಯಲ್ಲಿ ತಿರುಗಿ ಸಣ್ಣದಾಯಿತು. ಪ್ರಣೀತಾ ಕಣ್ಣು ಮುಚ್ಚಿಕೊಂಡಳು. ಬೀಳಬಾರದು, ಎಂದಿತು ಮನಸ್ಸು. ಬೀಳಲಿ, ಎಂದಿತು ಅದೇ ಮನಸ್ಸು. ಸದ್ದು ನಿಂತೇ ಹೋದ ಹಾಗಾಯಿತು.

ಆಮೇಲೆ ಇನ್ನೊಂದು ಮೂಲೆಯಲ್ಲಿ ಕ್ಯಾರೆನ್ ಕಾಣಿಸಿದಳು. ಗೋಡೆಯ ಬದಿಯಲ್ಲೇ, ಎರಡೂ ಕೈ ಅಗಲಿಸಿ, ಕಟ್ಟೆಯ ಮೇಲೆ ನಡೆಯುವವಳ ಹಾಗೆ ಹೆದರಿ ಹೆದರಿ ಬರುತ್ತಿದ್ದಳು. ಬಿದ್ದಿರಲಿಲ್ಲ. ಕೊನೆಯ ಕೋನ್ ದಾಟಿ ಗೆರೆಯನ್ನೂ ದಾಟಿದಳು.

"ಟೈಮ್ ಅಷ್ಟಕ್ಕಷ್ಟೇ," ಎಂದರು ಸರ್. "ಆದರೂ ಮುಗಿಸಿದಳಲ್ಲ. ಮಸ್ಕತ್ತಿಗೆ ಕ್ಯಾರೆನ್." ಆಮೇಲೆ ಪ್ರಣೀತಾಳ ಕಡೆ ತಿರುಗಿ ಸಣ್ಣ ದನಿಯಲ್ಲಿ ಹೇಳಿದರು, "ನೋಡಿದೆಯಾ ಮಗಾ? ಅವಳು ಬೀಳಲಿಲ್ಲ. ಮತ್ತೆ ಹೊಯ್ಗೆ ಎಲ್ಲಿತ್ತು?"

ಪ್ರಣೀತಾ ಕ್ಯಾರೆನ್‌ಳನ್ನು ನೋಡಿದಳು. ಕ್ಯಾರೆನ್ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹಿಲ್ಡಾ ಆಂಟಿ ಓಡಿ ಬಂದು ಅವಳನ್ನು ಅಪ್ಪಿಕೊಂಡರು. ಆಂಟಿಯ ತೋಳಿನ ಸಂದಿಯಿಂದ ಕ್ಯಾರೆನ್‌ಳ ಕಣ್ಣು ಒಮ್ಮೆ ಇತ್ತ ಬಂತು. ಮತ್ತೆ ಕೆಳಗೆ ಹೋಯಿತು. ತೆರೆದ ಬಾಯಿ ಮುಚ್ಚಿಕೊಂಡಿತು.

"ಹುಡುಗರೆಲ್ಲ ಬನ್ನಿ! ಯಲ್ಲಾ, ಯಲ್ಲಾ!" ಎಂದು ಸರ್ ಕೂಗಿದರು.

ಅಪ್ಪ ಕಂಪೆನಿಯ ಪಿಕಪ್ ತೆಗೆದುಕೊಂಡು ಬರುವಾಗ ಪ್ರಣೀತಾ ಗೇಟಿನ ಹೊರಗೆ ಒಬ್ಬಳೇ ನಿಂತಿದ್ದಳು. ಅಪ್ಪ ಮೊಣಕೈ ನೋಡಿದರು. ಮುಖ ನೋಡಿದರು.

"ಬಿದ್ದದ್ದಾ ಮಗಾ?"

"ಹ್ಞೂಂ."

ಅಪ್ಪ ನೀರಿನ ಬಾಟಲಿ ಕೊಟ್ಟು ಎ.ಸಿ. ಜಾಸ್ತಿ ಮಾಡಿದರು. ಖರ್ಜೂರದ ತೋಟಗಳು ಹಿಂದಕ್ಕೆ ಓಡತೊಡಗಿದವು.

ಅವಳು ಬಾಯಿ ಮುಕ್ಕಳಿಸಿ ಕಿಟಕಿಯಿಂದ ಉಗಿದಳು. ಮರಳು ಹೋಗಲಿಲ್ಲ.

ಒಂದು ಸ್ಕೀ ವಿಡಿಯೋ ನೆನಪಾಯಿತು. ಟೀನಾಳ ಸರದಿಗೆ ಮೊದಲು ಇನ್ನೊಬ್ಬಳು ಇಳಿದು ಬರುತ್ತಾಳೆ. ಟೈಮ್ ಚೆನ್ನಾಗಿ ಬಂದಿರುವುದಿಲ್ಲ. ಏದುಸಿರು ಬಿಡುತ್ತ ಯಾರದೋ ಕೈಯಿಂದ ವಾಕಿಟಾಕಿಯಂಥ ರೇಡಿಯೋ ತೆಗೆದುಕೊಂಡು ಮಾತಾಡುತ್ತಾಳೆ. ಅದನ್ನು ನೋಡಿದಾಗಲೆಲ್ಲ ಅಪ್ಪನದು ಒಂದೇ ಜೋಕ್: "ಪಾಪ, ಸೋತದ್ದಕ್ಕೆ ಅಮ್ಮನಿಗೆ ಫೋನ್ ಮಾಡ್ತಾ ಇದ್ದಾಳೆ."

"ಅಪ್ಪ, ಅವಳು ಅಮ್ಮನಿಗೆ ಮಾಡುದಲ್ಲ," ಎಂದಳು ಪ್ರಣೀತಾ.

"ಯಾರು?"

"ವಿಡಿಯೋದಲ್ಲಿ. ರೇಡಿಯೋದಲ್ಲಿ ಮಾತಾಡ್ತಾಳಲ್ಲ, ಅವಳು."

"ಓ, ಅವಳಾ? ಮತ್ತೆ ಯಾರಿಗೆ?"

"ಮೇಲೆ ನಿಂತವರಿಗೆ. ಇನ್ನೂ ಹೊರಡದವರಿಗೆ."

"ಎಂತ ಹೇಳ್ತಾಳಂತೆ?"

"ಹೊಯ್ಗೆ ಎಲ್ಲುಂಟು ಅಂತ."

"ಹಿಮದಲ್ಲಿ ಹೊಯ್ಗೆಯಾ!" ಅಪ್ಪ ನಕ್ಕರು. ಅವಳು ನಗಲಿಲ್ಲ. ಅಪ್ಪನ ನಗೆಯೂ ಅಲ್ಲಿಗೇ ನಿಂತಿತು.

ಪ್ರಣೀತಾ ಬಗ್ಗಿ ಕಾಲುಚೀಲ ಕಳಚಿದಳು. ಸಣ್ಣ ಮರಳು ಸರ್ರನೆ ಮ್ಯಾಟ್ ಮೇಲೆ ಬಿತ್ತು. ರೇಡಿಯೋ ವಾಪಸು ಕೊಟ್ಟ ಮೇಲೆ ಆ ಹುಡುಗಿ ಎಲ್ಲಿಗೆ ಹೋಗಿರಬಹುದು? ಎಲ್ಲಾದರೂ ಮೂಲೆಯಲ್ಲಿ ಕೂತು ಅತ್ತಿರಬೇಕು, ಅನಿಸಿತು ಅವಳಿಗೆ. ಅದನ್ನು ಯಾರೂ ತೋರಿಸುವುದಿಲ್ಲ. ವಿಡಿಯೋದಲ್ಲಿ ಅಷ್ಟು ಹೊತ್ತಿಗೆ ಟೀನಾಳ ಸರದಿ ಬಂದಿರುತ್ತದೆ.