ಯಾರೂ ಹೇಳಿರಲಿಲ್ಲ

ನನಗೊಬ್ಬ ಪ್ರಿಯಕರನಿದ್ದಾನೆ ಎಂದು ಎಂಟು ತಿಂಗಳಿಂದ ನಂಬಿಕೊಂಡಿದ್ದೆ. ಆ ಪ್ರಿಯಕರನಿಗೆ ಮಾತ್ರ ಅದು ಗೊತ್ತಿರಲಿಲ್ಲ.

ಹಾಗೆಂದು ತಿಳಿದದ್ದು ಒಂದು ಗುರುವಾರ ಮಧ್ಯಾಹ್ನ, ನಾನು ಕೆಲಸ ಮಾಡುವ ವೃದ್ಧರ ಡೇ ಕೇರ್‌ನಲ್ಲಿ. ಕುಸಾನೊ ಶುಹೇಯ್ ತಿಂಗಳಿಗೊಮ್ಮೆ ಅಲ್ಲಿಗೆ ಬಂದು ಗಾಲಿಕುರ್ಚಿಗಳ ಟೈರಿಗೆ ಗಾಳಿ ಹಾಕಿ, ಬ್ರೇಕು ಬಿಗಿ ಮಾಡಿ ಹೋಗುತ್ತಾನೆ. ಮಿಹಾರಾ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಅವನದೊಂದು ಸೈಕಲ್ ರಿಪೇರಿ ಅಂಗಡಿ. ಅಂದು ಅವನು ಎಂಬತ್ತೆಂಟು ವರ್ಷದ ಮುರಾಜಿ ಅಜ್ಜಿಯ ಕುರ್ಚಿಯ ಮುಂದೆ ಮಂಡಿಯೂರಿದ್ದ. ನಾನು ಪಕ್ಕದ ಟೇಬಲ್ ಒರೆಸುತ್ತಿದ್ದೆ.

"ಏನಪ್ಪಾ ಕುಸಾನೊ, ಮೂವತ್ತಾರು ತುಂಬ್ತಲ್ಲ. ಯಾರಾದ್ರೂ ಇದಾರೋ ಇಲ್ವೋ?" ಅಜ್ಜಿ ಕೇಳಿದರು.

ನಾನು ಒರೆಸಿದ ಜಾಗವನ್ನೇ ಮತ್ತೊಮ್ಮೆ ಒರೆಸಿದೆ. ಈಗ ಇವನು ನನ್ನತ್ತ ಕಳ್ಳನೋಟ ಬೀರುತ್ತಾನೆ, ಕಿವಿ ಕೆಂಪಗಾಗುತ್ತದೆ, ಮಾತು ಹಾರಿಸುತ್ತಾನೆ ಎಂದು ಕಾದೆ.

"ಇಲ್ಲ ಅಜ್ಜಿ. ಯಾರೂ ಇಲ್ಲ," ಅಂದ. ತಡವರಿಸಲೂ ಇಲ್ಲ.

"ಹಾಗಿದ್ರೆ ನನ್ನ ತಮ್ಮನ ಮೊಮ್ಮಗಳು ಒಬ್ಳಿದಾಳೆ ನೋಡು. ಬ್ಯಾಂಕಲ್ಲಿ ಕೆಲಸ. ಈ ಭಾನುವಾರ ಊಟಕ್ಕೆ ಕರೀಲಾ?"

"ಭಾನುವಾರ ಅಂದ್ರೆ ಸ್ವಲ್ಪ..." ಎಂದು ಅಲ್ಲಿಗೇ ನಿಲ್ಲಿಸಿದ.

ಈ ದೇಶದಲ್ಲಿ "ಸ್ವಲ್ಪ" ಎಂದು ಮಾತನ್ನು ಅರ್ಧಕ್ಕೆ ಬಿಟ್ಟರೆ, ಖಂಡಿತ ಆಗುವುದಿಲ್ಲ ಎಂದೇ ಲೆಕ್ಕ. ಇದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿದಿತ್ತು. ಅಂತೂ ಬ್ಯಾಂಕಿನ ಹುಡುಗಿಯ ಮಾತು ಅಲ್ಲಿಗೆ ಮುಗಿಯಿತು. ನನಗೆ ಅದರಿಂದ ಎಳ್ಳಷ್ಟೂ ಸಮಾಧಾನವಾಗಲಿಲ್ಲ. ಯಾರೂ ಇಲ್ಲವಂತೆ! ಹಾಗಿದ್ದರೆ ನಾನು ಯಾರು?

ಎಂಟು ತಿಂಗಳ ಹಿಂದೆ ನನ್ನ ಸೈಕಲ್ಲಿನ ಪಂಕ್ಚರ್ ಹಾಕಿಸಲು ಅವನ ಅಂಗಡಿಗೆ ಹೋಗಿದ್ದೆ. ಪಂಕ್ಚರ್ ಹಾಕಿದವನು, ಕೇಳದೆಯೇ ಸೀಟನ್ನು ಎರಡು ಬೆರಳಷ್ಟು ಮೇಲೇರಿಸಿದ. "ಇಷ್ಟು ದಿನ ನಿಮ್ಮ ಮೊಣಕಾಲು ನೋಯ್ತಾ ಇತ್ತೇನೋ," ಎಂದು ನೆಲ ನೋಡುತ್ತ ಹೇಳಿದ. ನಿಜಕ್ಕೂ ನೋಯುತ್ತಿತ್ತು. ಈ ದೇಶಕ್ಕೆ ಬಂದು ಏಳು ವರ್ಷವಾಗಿತ್ತು, ನನ್ನ ಮೊಣಕಾಲಿನ ಬಗ್ಗೆ ಯೋಚಿಸಿದ ಮೊದಲ ಮನುಷ್ಯ ಅವನು. ನಾನು ಅಲ್ಲೇ ಅವನಿಗೆ ಮನಸೋತೆ.

ಆಮೇಲಿನ ಪ್ರತಿ ಭಾನುವಾರವೂ ನಮ್ಮದೇ. ಹತ್ತೂವರೆಯ ದೋಣಿ ಹತ್ತಿ ಎದುರಿನ ಸಾಗಿ ದ್ವೀಪಕ್ಕೆ ಹೋಗುತ್ತಿದ್ದೆವು. ಅಲ್ಲಿ ಬಾಡಿಗೆ ಸೈಕಲ್ಲು, ಮಧ್ಯಾಹ್ನ ಆಕ್ಟೋಪಸ್ ಹಾಕಿದ ಅನ್ನ. ಅವನು ಕಿತ್ತಳೆ ಸುಲಿದು, ಬಿಳಿ ನಾರನ್ನೆಲ್ಲ ತೆಗೆದು, ಕರವಸ್ತ್ರದ ಮೇಲೆ ಸಾಲಾಗಿ ಇಟ್ಟು ನನ್ನ ಕಡೆ ತಳ್ಳುತ್ತಿದ್ದ. ಮಳೆ ಬಂದರೆ ಕೊಡೆ ನನ್ನ ಮೇಲೆ, ಅವನ ಎಡ ತೋಳು ಪೂರ್ತಿ ಒದ್ದೆ. ನಾನು ಎಲ್ಲೋ ನೋಡುವಾಗ ಅವನು ನನ್ನನ್ನು ನೋಡುತ್ತಿದ್ದ, ನಾನು ತಿರುಗಿದೊಡನೆ ಸಮುದ್ರ ನೋಡುತ್ತಿದ್ದ. ಆ ಸಮುದ್ರದಲ್ಲಿ ಅಷ್ಟು ನೋಡುವಂಥದ್ದೇನೂ ಇರಲಿಲ್ಲ.

ಒಮ್ಮೆಯೂ ಕೈ ಹಿಡಿದಿರಲಿಲ್ಲ. ಹಿಡಿಯಬೇಕೆಂದು ನನಗೆ ಎಷ್ಟು ಆಸೆಯಿತ್ತೆಂದರೆ, ದೋಣಿ ಸ್ವಲ್ಪ ಜೋರಾಗಿ ಅಲುಗಾಡಲಿ ಎಂದು ಹರಕೆ ಹೊತ್ತದ್ದೂ ಉಂಟು. ಆದರೂ ಸುಮ್ಮನಿದ್ದೆ. ಇಲ್ಲಿ ಯಾರೂ ಯಾವುದನ್ನೂ ಬಾಯಿಬಿಟ್ಟು ಹೇಳುವುದಿಲ್ಲ, ಕೇಳುವುದೂ ಇಲ್ಲ, ಮುಖ ನೋಡಿ ಅರ್ಥ ಮಾಡಿಕೊಳ್ಳಬೇಕು. ನಾನು ಅದನ್ನು ಚೆನ್ನಾಗಿ ಕಲಿತಿದ್ದೇನೆ ಎಂಬ ಜಂಬವೂ ನನಗಿತ್ತು.

ಅಂದು ಕುರ್ಚಿಗಳ ಕೆಲಸ ಮುಗಿಸಿ ಅವನು ನನ್ನ ಬಳಿ ಬಂದ. "ಮುರಿದುರಾ-ಸಾನ್, ಭಾನುವಾರ ಹತ್ತೂವರೆ ದೋಣಿಗೆ ತಾನೇ?" ಎಂದು ಪಿಸುಗುಟ್ಟಿದ. ಸಾನ್ ಎಂದರೆ 'ಅವರೇ' ಎಂದ ಹಾಗೆ; ಮೃದುಲಾ ಎಂಬುದಂತೂ ಇಲ್ಲಿಯವರ ನಾಲಗೆಗೆ ಹೊರಳುವುದಿಲ್ಲ. ಅಂದು ಮಾತ್ರ ಆ ಮುರಿದ ಹೆಸರು ನನಗೆ ಸರಿಯಾಗಿಯೇ ಹೊಂದುತ್ತಿತ್ತು.

ಕೂಗಾಡುವಂತಿರಲಿಲ್ಲ. ಇಲ್ಲಿ ಯಾರನ್ನಾದರೂ ದೂರ ತಳ್ಳಬೇಕಾದರೆ ಕೂಗಾಡಬೇಕಾಗಿಯೂ ಇಲ್ಲ, ಮರ್ಯಾದೆಯನ್ನು ಒಂದು ಮೆಟ್ಟಿಲು ಏರಿಸಿದರೆ ಸಾಕು.

"ತಾವು ಇಷ್ಟೊಂದು ಕೆಲಸಗಳ ನಡುವೆ ದಯಮಾಡಿಸಿದ್ದಕ್ಕೆ ನಮ್ಮ ಸಂಸ್ಥೆ ತಮಗೆ ಚಿರಋಣಿಯಾಗಿದೆ," ಎಂದು ನಡು ಬಗ್ಗಿಸಿ ವಂದಿಸಿದೆ.

ಗಾಳಿ ಹಾಕುವ ಪಂಪನ್ನು ಎದೆಗವಚಿಕೊಂಡು ಅವನು ಬಿಳಿಚಿಕೊಂಡ. "ನಾನೇನಾದ್ರೂ ತಪ್ಪು ಮಾಡಿದ್ನಾ?"

"ತಮ್ಮಿಂದ ತಪ್ಪೇ? ಛೆ, ಎಲ್ಲಾದರೂ ಉಂಟೇ?"

ಅವನು ಬಾಗಿಲವರೆಗೆ ಹೋಗಿ ಎರಡು ಸಲ ತಿರುಗಿ ನೋಡಿದ. ನಾನು ಎರಡು ಸಲವೂ ಬಗ್ಗಿ ವಂದಿಸಿದೆ.

ಮರುದಿನ ಮುರಾಜಿ ಅಜ್ಜಿಯ ಕಾಲನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟು ತಿಕ್ಕುತ್ತಿದ್ದೆ.

"ಏ ಹುಡುಗಿ, ನಿನ್ನ ಸಿಟ್ಟು ನನ್ನ ಕಾಲಿನ ಮೇಲೆ ಯಾಕೆ ತೀರಿಸ್ಕೊಳ್ತೀಯ? ಅದು ಪಾಪ ಎಂಬತ್ತೆಂಟು ವರ್ಷ ನಡೆದಿದೆ," ಅಂದರು ಅಜ್ಜಿ.

ಕ್ಷಮೆ ಕೇಳಿದೆ. ಹಿಂದೆಯೇ ಕಣ್ಣೀರು ಬಂತು, ಅದರ ಹಿಂದೆಯೇ ಎಂಟು ತಿಂಗಳ ಕಥೆಯೆಲ್ಲ ಬಂತು. ಅಜ್ಜಿ ಪೂರ್ತಿ ಕೇಳಿಸಿಕೊಂಡರು.

"ಅವನು ಸುಳ್ಳು ಹೇಳಿಲ್ಲ ಕಣೇ," ಅಂದರು. "ನಿಮ್ಮಿಬ್ಬರಲ್ಲಿ ಯಾರು ಹೇಳಿದ್ದು?"

"ಏನನ್ನ?"

"ಇಷ್ಟ ಪಡ್ತೀನಿ, ನನ್ನ ಜೊತೆ ಇರಿ ಅಂತ. ಅವನು ಹೇಳಿದ್ನಾ? ನೀನು ಹೇಳಿದ್ಯಾ?"

"ಅದನ್ನೆಲ್ಲ ಹೇಳ್ಬೇಕಾ ಅಜ್ಜಿ? ಮುಖ ನೋಡಿದ್ರೆ ಗೊತ್ತಾಗಲ್ವಾ?"

ಅಜ್ಜಿ ನಕ್ಕ ರಭಸಕ್ಕೆ ಬೋಗುಣಿಯ ನೀರು ನನ್ನ ಮಡಿಲಿಗೆ ಚೆಲ್ಲಿತು. "ಯಾರೂ ಹೇಳ್ದೆ ಹೆಂಗೆ ಶುರುವಾಗತ್ತೆ? ನನ್ನ ಕಾಲದಲ್ಲಿ ಮದುವೆ ಕುದುರಿಸೋರು ಮನೆಗೆ ಬಂದು ಹೇಳೋರು. ಈಗಿನ ಮಕ್ಕಳು ತಾವೇ ಎದುರು ನಿಂತು ಹೇಳ್ತಾರೆ. ನನ್ನ ಮೊಮ್ಮಗ ಹೈಸ್ಕೂಲಲ್ಲೇ ಹೇಳಿ, ಬೇಡ ಅನ್ನಿಸ್ಕೊಂಡು, ಮೂರು ದಿನ ಊಟ ಬಿಟ್ಟಿದ್ದ. ಹೇಳೋವರೆಗೂ ನೀವು ಬರೀ ಜೊತೆಗೆ ದೋಣಿ ಹತ್ತೋ ಪ್ಯಾಸೆಂಜರ್‌ಗಳು ಅಷ್ಟೆ."

ನಾನು ಟವೆಲ್ ಹಿಡಿದುಕೊಂಡು ಕೂತೇಬಿಟ್ಟೆ. ಚಳಿ ಅನ್ನುವುದಿಲ್ಲ, ಹಸಿವು ಅನ್ನುವುದಿಲ್ಲ, ಬೇಡ ಅನ್ನುವುದಂತೂ ಇಲ್ಲವೇ ಇಲ್ಲ. ಎಲ್ಲವನ್ನೂ ನುಂಗಿಕೊಂಡು ಬದುಕುವ ಈ ಜನ, ಪ್ರೀತಿಯೊಂದನ್ನು ಮಾತ್ರ ಅರ್ಜಿ ಕೊಟ್ಟ ಹಾಗೆ ಎದುರು ನಿಂತು ಹೇಳಬೇಕಂತೆ! ಎಂಟು ವರ್ಷದಲ್ಲಿ ಕಸ ವಿಂಗಡಿಸುವುದರಿಂದ ಹಿಡಿದು ಕ್ಷಮೆ ಕೇಳುವುದರವರೆಗೆ ಎಲ್ಲ ಹೇಳಿಕೊಟ್ಟಿದ್ದರು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

"ಮತ್ತೆ ಅವರ್ಯಾಕೆ ಹೇಳ್ಲಿಲ್ಲ ಅಜ್ಜಿ? ಇಷ್ಟ ಇಲ್ಲ ಅಂತ ತಾನೇ ಅರ್ಥ?"

"ಅದನ್ನ ನನ್ನ ಕಾಲು ಹೇಳತ್ತಾ? ಹೋಗಿ ಅವನನ್ನೇ ಕೇಳು. ಬ್ಯಾಂಕಿನ ಹುಡುಗಿ ಜೊತೆ ಊಟ ಬಿಟ್ಟು ಭಾನುವಾರ ಯಾಕೆ ಉಳಿಸ್ಕೊಂಡ ಅಂತಾನೂ ಕೇಳು."

ಭಾನುವಾರ ದೋಣಿಕಟ್ಟೆಗೆ ಹೊರಟೆ. ಅವನು ಇಲ್ಲ ಅಂದರೆ ಇನ್ನು ಮುಂದೆ ಭಾನುವಾರಗಳನ್ನು ಏನು ಮಾಡಲಿ ಎಂಬುದೊಂದೇ ಯೋಚನೆ. ಅವನು ಆಗಲೇ ಬಂದು ನಿಂತಿದ್ದ. ಎರಡೂ ಕೈಯಲ್ಲಿ ಒಂದೊಂದು ಬಿಸಿ ಕಾಫಿ ಕ್ಯಾನ್. ನನ್ನನ್ನು ಕಂಡೊಡನೆ ಅವನ ಮುಖ ಅರಳಿತು, ಹಾಗೆಯೇ ಹೆದರಿತು.

"ತಾವು ಬರಲ್ಲ ಅಂದ್ಕೊಂಡೆ," ಅಂದ. ನನ್ನ ಮದ್ದನ್ನು ನನಗೇ ಕುಡಿಸುತ್ತಿದ್ದ.

"ಬರಲ್ಲ ಅಂದ್ಕೊಂಡು ಎರಡು ಕಾಫಿ ಯಾಕೆ ತಗೊಂಡ್ರಿ?"

"ಒಂದೇ ತಗೊಂಡ್ರೆ ನೀವು ಖಂಡಿತ ಬರಲ್ಲ ಅನ್ನಿಸ್ತು."

ನಗು ಬಂತು, ತಡೆದುಕೊಂಡೆ. "ಕುಸಾನೊ-ಸಾನ್, ಒಂದು ನೇರವಾದ ಪ್ರಶ್ನೆ ಕೇಳ್ತೀನಿ. ಎಂಟು ತಿಂಗಳಾಯ್ತು. ನೀವು ಯಾಕೆ ಏನೂ ಹೇಳ್ಲಿಲ್ಲ?"

ಕೇಳಿದ ಪ್ರಶ್ನೆ ಯಾವುದೆಂದು ಅವನಿಗೆ ತಕ್ಷಣ ತಿಳಿಯಿತು. ಕತ್ತು, ಕಿವಿ, ಹಣೆ ಎಲ್ಲ ಕೆಂಪಾದವು.

"ಹೊರದೇಶದವರು ಇಷ್ಟ ಇದ್ರೆ ನೇರವಾಗಿ ಹೇಳ್ಬಿಡ್ತಾರೆ ಅಂತ ಎಲ್ರೂ ಹೇಳ್ತಾರೆ. ಪ್ರತಿ ಭಾನುವಾರ ಇವತ್ತು ಹೇಳ್ತೀರಾ ಅಂತ ಕಾಯ್ತಿದ್ದೆ. ಹೇಳ್ಲಿಲ್ಲ. ನಿಮಗೆ ದೋಣಿ ಇಷ್ಟ, ದ್ವೀಪ ಇಷ್ಟ, ನಾನಲ್ಲ ಅಂದ್ಕೊಂಡೆ. ನಾನೇ ಬಾಯಿಬಿಟ್ಟು, ನೀವು ಮರ್ಯಾದೆಗೆ 'ಹಾಗೇನಿಲ್ಲ' ಅಂದ್ಬಿಟ್ರೆ ಭಾನುವಾರಾನೂ ಹೋಗತ್ತಲ್ಲ."

"ರೀ, ನಾನು ಎಂಟು ವರ್ಷ ಕಷ್ಟಪಟ್ಟು ಬಾಯಿ ಮುಚ್ಕೊಳ್ಳೋದು ಕಲ್ತಿದೀನಿ! ನೀವು ನೋಡಿದ್ರೆ ಬಾಯಿ ಬಿಡ್ಲಿ ಅಂತ ಕಾಯ್ತಿದ್ರಾ?"

"ಹಾಗಿದ್ರೆ ಈಗ ಯಾರು ಹೇಳೋದು?" ಎಂದು ತುಂಬ ಗಂಭೀರವಾಗಿ ಕೇಳಿದ.

ಇಲ್ಲಿ ತೀರ್ಮಾನವಾಗದ ಯಾವ ವಿಷಯಕ್ಕೂ ಒಂದೇ ದಾರಿ: ಕಲ್ಲು, ಕತ್ತರಿ, ಕಾಗದದ ಕೈಯಾಟ. ಡೇ ಕೇರ್‌ನಲ್ಲಿ ಕೊನೆಯ ಸಿಹಿತಿಂಡಿ ಯಾರಿಗೆಂದು ತೊಂಬತ್ತರ ಮುದುಕರೂ ಹೀಗೇ ತೀರ್ಮಾನಿಸುತ್ತಾರೆ. "ಸೋತವರು ಹೇಳ್ಬೇಕು," ಅಂದೆ. ಅವನು ಕಾಫಿ ಕ್ಯಾನುಗಳನ್ನು ಕಟ್ಟೆಯ ಮೇಲಿಟ್ಟ. ಇಬ್ಬರೂ ಕೈ ಬೀಸಿದೆವು. ನನ್ನದು ಕಾಗದ, ಅವನದು ಕತ್ತರಿ. ಸೋತದ್ದು ನಾನು.

ಉಸಿರೆಳೆದುಕೊಂಡೆ. ನಾನು ಬಾಯಿ ತೆರೆಯುವ ಮೊದಲೇ ಅವನು ಹಿಮ್ಮಡಿ ಜೋಡಿಸಿ, ಕೈಗಳನ್ನು ಪಕ್ಕಕ್ಕೆ ಅಂಟಿಸಿ ನೆಟ್ಟಗೆ ನಿಂತ.

"ಮುರಿದುರಾ-ಸಾನ್, ನಿಮ್ಮನ್ನ ತುಂಬಾ ಇಷ್ಟ ಪಡ್ತೀನಿ. ದಯವಿಟ್ಟು ನನ್ನ ಜೊತೆ ಇರಿ." ಹೇಳಿದವನೇ ತಲೆ ಬಗ್ಗಿಸಿದ, ಬಗ್ಗಿಸಿದ ತಲೆ ಮೇಲೇಳಲಿಲ್ಲ.

ದೋಣಿಗೆ ಕಾಯುತ್ತಿದ್ದ ಏಳೆಂಟು ಜನಕ್ಕೂ ಆ ಕ್ಷಣದಲ್ಲೇ ವೇಳಾಪಟ್ಟಿ ಓದುವ ಜರೂರು ಬಂತು.

"ಗೆದ್ದಿದ್ದು ನೀವಲ್ವಾ?" ಅಂದೆ.

"ಗೊತ್ತು. ತಡ್ಕೊಳ್ಳೋಕಾಗ್ಲಿಲ್ಲ," ಎಂದ ನೆಲಕ್ಕೆ.

ಮುಖ ನೋಡಿ ಅರ್ಥ ಮಾಡಿಕೊಂಡದ್ದನ್ನೇ ಕಿವಿಯಾರೆ ಕೇಳುವುದು ಬೇರೆಯೇ ಎಂದು ನನಗೆ ಗೊತ್ತಿರಲಿಲ್ಲ. ಅಲ್ಲಿಯೇ, ಅಷ್ಟು ಜನರ ಎದುರು, ನನಗೆ ಅಳು ಬಂತು. ಇಷ್ಟು ಸಂತೋಷ ನಾನು ಎಂದೂ ಪಟ್ಟಿರಲಿಲ್ಲ.

"ಹೂಂ," ಅಂದೆ.

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ! ನನಗೂ ನೀವಂದ್ರೆ ಪ್ರಾಣ. ಮೊದಲು ತಲೆ ಎತ್ತಿ."

ಎತ್ತಿದ. ಕಣ್ಣು ಅವನದೂ ಒದ್ದೆಯಾಗಿತ್ತು. ಈ ಸಲ ಸಮುದ್ರದ ಕಡೆ ತಿರುಗಲಿಲ್ಲ. "ಹಾಗಿದ್ರೆ ಇವತ್ತಿನಿಂದ ಶುರು," ಅಂದ.

"ಇವತ್ತಿನಿಂದ ಯಾಕೆ? ನನ್ನ ಎಂಟು ತಿಂಗಳು?"

"ಅದು ಲೆಕ್ಕಕ್ಕೆ ಬರಲ್ಲ."

"ಬರತ್ತೆ."

"ಯಾರೂ ಹೇಳೇ ಇರ್ಲಿಲ್ವಲ್ಲ!"

ಜಗಳವಾಡುತ್ತಲೇ ಟಿಕೆಟ್ ಕಿಟಕಿಗೆ ಬಂದೆವು. ಕಿಟಕಿಯ ಹಿಂದೆ ಕನ್ನಡಕದ ಮುದುಕ, ಎಂಟು ತಿಂಗಳಿಂದ ನಮಗೆ ಟಿಕೆಟ್ ಕೊಟ್ಟವನು. ಕುಸಾನೊ ನನ್ನ ಕೈ ಹಿಡಿದ. ಗ್ರೀಸಿನಿಂದ ಒರಟಾದ, ಕಾಫಿಯಿಂದ ಬೆಚ್ಚಗಾದ ಕೈ. ಹಿಡಿದು, ಯಾರೂ ಕೇಳದೆಯೇ, ಇಡೀ ಕಟ್ಟೆಗೆ ಕೇಳುವ ಹಾಗೆ ಹೇಳಿದ:

"ಇವರು ನನ್ನ ಪ್ರೇಯಸಿ."

ಮುದುಕ ಕನ್ನಡಕ ಸರಿ ಮಾಡಿಕೊಂಡು ಅವನನ್ನು ನೋಡಿದ, ನನ್ನನ್ನು ನೋಡಿದ.

"ಅಂದ್ರೆ, ಇಷ್ಟು ದಿನ ಆಗಿರ್ಲಿಲ್ವಾ?"